ಹಲಸಿನ ದಿಮ್ಮಿ, ಅರ್ಧ ಹೋಳಿಗೆ

ಮೇಲೇಳಬೇಕಾಗಿದ್ದು ದಿಮ್ಮಿ. ಎದ್ದವನು ಸಂಜಯ. ಯಂತ್ರದ ಮುಂದಿನ ಇಕ್ಕಳ ಹಲಸಿನ ದಿಮ್ಮಿಯನ್ನು ಕಚ್ಚಿ ಹಿಡಿದದ್ದೇನೋ ಸರಿ, ಆದರೆ ಹಿಡಿಕೆ ಎಳೆಯುತ್ತಿದ್ದಂತೆ ಯಂತ್ರದ ಹಿಂಭಾಗವೇ ನೆಲ ಬಿಟ್ಟಿತು. ಹಿಂದಿನ ಹಲಗೆಯ ಮೇಲೆ ನಿಂತು ಅದನ್ನು ಓಡಿಸುತ್ತಿದ್ದ ಸಂಜಯ ಮೊಳದಷ್ಟು ಮೇಲಕ್ಕೆ ಹೋಗಿ, ಗಾಬರಿಯಲ್ಲಿ ಹಿಡಿಕೆ ಮುಂದಕ್ಕೆ ತಳ್ಳಿ, ಯಂತ್ರದ ಸಮೇತ ದೊಪ್ಪನೆ ಕೆಳಗೆ ಬಂದ.

“ಮರ ಎತ್ತತೈತಿ ಅಂದಿದ್ದಿ. ಇದು ನಿನ್ನನ್ನ ಎತ್ತಾಕತ್ತೈತಲ್ಲೋ,” ಎಂದರು ಹಿತ್ತಲ ಕಟ್ಟೆಯ ಮೇಲೆ ಕುಳಿತಿದ್ದ ಅನ್ನಪೂರ್ಣವ್ವ.

ಮನೆಗಳ ಹಿತ್ತಲಲ್ಲಿ ಮರ ಕಡಿದು ಸಾಗಿಸುವುದು ಕಿರವತ್ತಿಯ ಸಂಜಯನ ಕಸುಬು. ಇಷ್ಟು ವರ್ಷ ಹೆಗಲ ಮೇಲೆಯೇ ನಡೆದಿತ್ತು. ಹೆಗಲು ಇನ್ನು ನನ್ನಿಂದಾಗದು ಎಂದ ಮೇಲೆ, ಮೊನ್ನೆಯಷ್ಟೇ ಹುಬ್ಬಳ್ಳಿಯಿಂದ ಈ ಪುಟ್ಟ ಲೋಡರ್ ತಂದಿದ್ದ. ಗಾಳಿಗೆ ಬಿದ್ದ ಅನ್ನಪೂರ್ಣವ್ವನ ಹಲಸು ಅದರ ಮೊದಲ ಕೆಲಸ. ಬುಡದ ದಿಮ್ಮಿ ಗಿಡ್ಡ, ಆದರೆ ಬಲು ದಪ್ಪ. ಅದನ್ನು ಸೀಳುವಂತಿಲ್ಲ, ಬಾಗಿಲಿಗೆ ಹಲಗೆ ಕೊಯ್ಯಿಸಬೇಕು. ಎಳೆದೊಯ್ಯುವಂತಿಲ್ಲ, ದಾರಿಯಲ್ಲಿ ತುಳಸಿಕಟ್ಟೆ ಇದೆ. ಎತ್ತಿಕೊಂಡೇ ರಸ್ತೆಗೆ ತಂದರೆ ಬನವಾಸಿಯ ತಮ್ಮನಿಗೆ ಫೋನ್ ಮಾಡುತ್ತೇನೆ, ಅವನ ಹೊಲದಲ್ಲಿ ಬಿದ್ದ ಮರಗಳೆಲ್ಲ ನಿನಗೇ ಎಂದು ಅನ್ನಪೂರ್ಣವ್ವ ಮಾತು ಕೊಟ್ಟಿದ್ದರು. ತರದಿದ್ದರೆ ಫೋನು ಊರಿಗೆಲ್ಲ ಹೋಗುತ್ತದೆಂಬುದು ಸಂಜಯನಿಗೆ ಚೆನ್ನಾಗಿ ಗೊತ್ತಿತ್ತು.

ಯಂತ್ರ ಆರಿಸುವಾಗ ಅವನು ತಲೆ ಕೆಡಿಸಿಕೊಂಡದ್ದು ಅಗಲಕ್ಕೆ ಮಾತ್ರ. ಊರಿನಲ್ಲೇ ಇಕ್ಕಟ್ಟಾದದ್ದು ಈ ಮನೆಯ ಪಕ್ಕದ ಸಂದಿ. ಅದರ ಅಗಲದ ಅಳತೆಗೆ ಅಡಕೆ ಮರದ ಸೀಳು ದಬ್ಬೆಯೊಂದನ್ನು ಕತ್ತರಿಸಿ, ಬಸ್ಸಿನಲ್ಲಿ ಎಲ್ಲರ ಕಾಲಿಗೆ ತಗಲಿಸುತ್ತ ಹುಬ್ಬಳ್ಳಿಗೆ ಒಯ್ದು, ಅಂಗಡಿಯ ಯಂತ್ರಗಳಿಗೆಲ್ಲ ದರ್ಜಿಯ ಹಾಗೆ ಅಡ್ಡ ಹಿಡಿದಿದ್ದ. ದಬ್ಬೆಯ ಲೆಕ್ಕಕ್ಕೆ ಬಂದದ್ದು ಎಲ್ಲಕ್ಕಿಂತ ಸಣ್ಣದಾದ ಇದೊಂದೇ. ಅಂಗಡಿಯವನು ಭಾರದ ವಿಷಯ ಏನೋ ಹೇಳಹೊರಟಿದ್ದ. ಸಂಜಯ ಕಿವಿಗೆ ಹಾಕಿಕೊಳ್ಳಲಿಲ್ಲ. ಚಹಾ ಕುಡಿಯುತ್ತ ಕುಳಿತಿದ್ದ ಹೆಂಡತಿ ರೋಹಿಣಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತವರಿನಲ್ಲಿ ಟ್ರ್ಯಾಕ್ಟರ್ ಓಡಿಸಿದವಳಾದ್ದರಿಂದ ಅಂಗಡಿಯ ಅಂಗಳದಲ್ಲಿ ಯಂತ್ರವನ್ನು ಎರಡು ಸುತ್ತು ಓಡಿಸಿಯೂ ನೋಡಿದ್ದಳು.

ಸಂಜಯ ಮತ್ತೊಮ್ಮೆ ಎತ್ತಿ ನೋಡಿದ, ಮತ್ತೊಮ್ಮೆ ತಾನೇ ಎದ್ದ. ಹಲಗೆಯ ಮೇಲೆ ಮರಳಿನ ಚೀಲ ಇಟ್ಟು ನೋಡಿದ. ಕಾಲಿಡಲು ಜಾಗ ಉಳಿಯಲಿಲ್ಲ. ಅಷ್ಟು ಹೊತ್ತೂ ಕಟ್ಟೆಯ ಪಕ್ಕ ನಿಂತು ನೋಡುತ್ತಿದ್ದ ರೋಹಿಣಿ ಈಗ ಬಾಯಿಬಿಟ್ಟಳು.

“ಹಿಂದ ನಿಂತವರ ಭಾರಾನೂ ಲೆಕ್ಕಕ್ಕ ಬರತೈತಂತ. ಅಂಗಡ್ಯಾವ ಹೇಳಿದ್ದ.”

“ಮತ್ತ ಮೊದಲ ಯಾಕ ಹೇಳಲಿಲ್ಲ?”

“ಭಾರದ ಮಾತು ದಿನಾ ನೀವ ಆಡತೀರಲ್ಲ. ನಾ ಯಾಕ ಆಡ್ಲಿ ಅಂತ ಸುಮ್ಮನಿದ್ದೆ.”

ಸಂಜಯ ಕಡ್ಡಿ ಪೈಲ್ವಾನ, ರೋಹಿಣಿ ಮೈಕೈ ತುಂಬಿಕೊಂಡವಳು. ಯುಗಾದಿಯಿಂದ ಈಚೆಗೆ ಅವನು ಅವಳ ಬೆನ್ನು ಹತ್ತಿದ್ದ. ಬೆಳಿಗ್ಗೆ ಎದ್ದು ಹೆದ್ದಾರಿಯ ಧಾಬಾದವರೆಗೆ ನಡೆದು ಬಾ, ತುಪ್ಪ ಬಿಡು, ರೊಟ್ಟಿ ಕಡಿಮೆ ಮಾಡು. ಹಬ್ಬದ ಪಂಕ್ತಿಯಲ್ಲಿ ನೆಂಟರೆದುರೇ, ಅವಳಿಗೆ ಅರ್ಧ ಹೋಳಿಗೆ ಸಾಕು ಎಂದುಬಿಟ್ಟಿದ್ದ. ಎಲ್ಲರೂ ನಕ್ಕಿದ್ದರು. ರೋಹಿಣಿಯೂ ನಕ್ಕಿದ್ದಳು. ಆದರೆ ಅಂದಿನಿಂದ ಆ ಮಾತು ಅವಳ ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿತ್ತು.

ಈಗ ಸಂಜಯ ದಿಮ್ಮಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ನೀನೇ ಹತ್ತು ಎಂದ. ಯಾಕೆ ಹತ್ತಬೇಕು, ಅದನ್ನೂ ಹೇಳಿ ಎಂದಳು ಅವಳು. ಅವನು ನೆಲಕ್ಕೆ ಮುಖ ಮಾಡಿ, ನಿನ್ನ ಭಾರ ಬೇಕಾಗಿದೆ ಎಂದು ಗೊಣಗಿದ.

“ನನಗ ಕೇಳಸಲಿಲ್ಲ,” ಎಂದರು ಅನ್ನಪೂರ್ಣವ್ವ. ಅವರಿಗೆ ಪಕ್ಕದ ಓಣಿಯ ಪಿಸುಮಾತೂ ಕೇಳಿಸುತ್ತಿತ್ತು.

ಸಂಜಯ ಅದನ್ನೇ ಗಟ್ಟಿಯಾಗಿ ಹೇಳಬೇಕಾಯಿತು.

ರೋಹಿಣಿ ಸೆರಗು ಸಿಕ್ಕಿಸಿ, ಮರಳಿನ ಚೀಲ ಕೆಳಗಿಳಿಸಿ, ಹಲಗೆಯ ಮೇಲೆ ನಿಂತಳು. ಯಂತ್ರ ಒಮ್ಮೆ ಗೊಗ್ಗರು ದನಿ ತೆಗೆಯಿತು. ಹಿಂಭಾಗ ಅಲುಗಲಿಲ್ಲ. ಅವಳು ದಿಮ್ಮಿಯನ್ನು ಗೇಣಿಗಿಂತ ಮೇಲೆತ್ತದೆ, ತುಳಸಿಕಟ್ಟೆ ಬಳಸಿ, ಸಂದಿಯ ಗೋಡೆಗೆ ಒಂದು ಗೀರೂ ಬೀಳದ ಹಾಗೆ ರಸ್ತೆಗೆ ತಂದು ಇಳಿಸಿದಳು. ದಬ್ಬೆ ಹಿಡಿದು ಮುಂದೆ ಮುಂದೆ ಓಡುತ್ತಿದ್ದ ಸಂಜಯನಿಗೆ ನಾಚಿಕೆಯೂ ಆಗಿತ್ತು, ಹೆಮ್ಮೆಯೂ ಆಗಿತ್ತು. ರಸ್ತೆ ಸಿಗುವಷ್ಟರಲ್ಲಿ ಹೆಮ್ಮೆಯೇ ಹೆಚ್ಚಾಗಿ, ಸೇರಿದ್ದ ಜನಕ್ಕೆಲ್ಲ ಅವಳು ತನ್ನ ಹೆಂಡತಿ ಎಂದು ಹೇಳತೊಡಗಿದ. ಅದು ಊರಿಗೇ ಗೊತ್ತಿದ್ದ ವಿಷಯ.

ಅನ್ನಪೂರ್ಣವ್ವ ಅಲ್ಲಿಯೇ ನಿಂತು ತಮ್ಮನಿಗೆ ಫೋನ್ ಮಾಡಿದರು. ಯಂತ್ರ ಚೆನ್ನಾಗಿದೆ, ರೋಹಿಣಿಯೂ ಬಂದರೆ ಮಾತ್ರ ಕರೆಸು ಎಂದರು. ಆಮೇಲೆ ಇಬ್ಬರನ್ನೂ ಒಳಗೆ ಕೂರಿಸಿ ಹೋಳಿಗೆ ಬಡಿಸಿದರು. ರೋಹಿಣಿ ಅಭ್ಯಾಸಬಲದಿಂದ ತನ್ನದನ್ನು ಮುರಿದು ಅರ್ಧ ಬದಿಗಿಟ್ಟಳು. ಸಂಜಯನಿಗೆ ತಡೆಯಲಾಗಲಿಲ್ಲ. ತುಪ್ಪದ ಮಿಳ್ಳೆ ತಾನೇ ಎತ್ತಿಕೊಂಡ.

“ಆಕಿಗೆ ಇನ್ನೊಂದು ಹಾಕ್ರಿ ಅವ್ವಾ. ಬನವಾಸ್ಯಾಗ ಇದಕ್ಕಿಂತ ದೊಡ್ಡ ದಿಮ್ಮಿ ಅದಾವಂತ.”

ರೋಹಿಣಿ ತಟ್ಟೆಗೆ ಕೈ ಅಡ್ಡ ಹಿಡಿದಳು. “ಬ್ಯಾಡ್ರಿ. ನಾಳಿಂದ ಮುಂಜಾನೆ ಧಾಬಾ ಮಟ ನಡದು ಬರಬೇಕಂತ ಮಾಡೀನಿ.”

ತುಪ್ಪದ ಮಿಳ್ಳೆ ಹಿಡಿದ ಕೈ ಅಲ್ಲಿಯೇ ನಿಂತಿತು. ಅನ್ನಪೂರ್ಣವ್ವ ಒಬ್ಬೊಬ್ಬರ ಮುಖವನ್ನೂ ನೋಡಿ, ಹೋಳಿಗೆಯನ್ನು ಸಂಜಯನ ತಟ್ಟೆಗೆ ಹಾಕಿದರು.

“ಹಂಗಾದ್ರ ನೀ ತಿನ್ನು. ಇಬ್ಬರೊಳಗ ಯಾರರ ಒಬ್ಬರು ದಪ್ಪ ಇರಬೇಕಲ್ಲ.”