ಸವೆದ ಉಂಗುರ

ಒಂದಾನೊಂದು ಕಾರ್ಖಾನೆಯಲ್ಲಿ ಒಂದು ಉಕ್ಕಿನ ಉಂಗುರವಿತ್ತಂತೆ. ಸ್ಕೂಟರಿನ ಬ್ರೇಕಿಗೆ ಹೋಗುವ ಪಿನ್ನುಗಳು ಅಲ್ಲಿನ ಯಂತ್ರಗಳಿಂದ ಹಗಲಿರುಳು ರಾಶಿರಾಶಿಯಾಗಿ ಉದುರುತ್ತಿದ್ದವು. ಉಂಗುರದೊಳಗೆ ತೂರಿದ ಪಿನ್ನು ಪಾಸು. ತೂರದ ದಪ್ಪ ಪಿನ್ನು ಗುಜರಿ ಡಬ್ಬಿಗೆ. ಆ ಉಂಗುರ ಹಿಡಿದು ಕೂರುತ್ತಿದ್ದವಳು ಒಬ್ಬ ಹೆಂಗಸು.

“ಸರ್, ಉಂಗುರ ಸವೆದಿದೆ,” ಎಂದಳು ಒಂದು ದಿನ. “ದಪ್ಪ ಪಿನ್ನೂ ಸಲೀಸಾಗಿ ತೂರ್ತಿದೆ. ಅಳತೆ ನೋಡ್ಸೋಕೆ ಕಳ್ಸಿ.”

“ಕಳ್ಸಿದ್ರೆ ಲೈನ್ ನಿಂತೋಗುತ್ತಲ್ಲಕ್ಕಾ! ಈ ಲೋಡ್ ಹೋಗ್ಲಿ, ಖಂಡಿತ ಕಳಿಸ್ತೀನಿ,” ಎಂದ ಸೂಪರ್‌ವೈಸರ್.

ಲೋಡಿನ ಹಿಂದೆ ಲೋಡು ಹೋಯಿತು. ಗುಜರಿ ಡಬ್ಬಿಯ ತಳ ಕಾಣತೊಡಗಿತು.

“ಬಿಸಿಗೆ ಪಿನ್ನು ಉಬ್ಬಿ ಕಚ್ಕೊಂಡ್ರೆ ಬ್ರೇಕ್ ಹಿಡಿಯಲ್ಲ ಸರ್.”

“ಬಿಡ್ತು ಅನ್ನಿ! ಒಂದೂ ರಿಜೆಕ್ಟ್ ಇಲ್ಲ ಅಂತ ಸ್ಕೂಟರ್ ಕಂಪನಿಯೋರು ನಂಗೆ ಬಹುಮಾನ ಕೊಡ್ತಿದಾರೆ, ಗೊತ್ತಾ?”

ಬಹುಮಾನವೆಂದರೆ ಅವರದೇ ಹೊಚ್ಚಹೊಸ ಸ್ಕೂಟರ್. ಅದಕ್ಕೆ ಚೆಂಡುಹೂವಿನ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ಎಲ್ಲರಿಗೂ ಮೈಸೂರು ಪಾಕ್ ಹಂಚಿದ. “ಮಗಳು ಕಾಲೇಜಿಗೆ ಬಸ್ಸಲ್ಲಿ ನೇತಾಡ್ಕೊಂಡು ಹೋಗೋದು ತಪ್ತು ಅಕ್ಕಾ.”

ಅವಳು ಮೈಸೂರು ಪಾಕನ್ನು ಬಾಯಿಗಿಡದೆ ಕೇಳಿದಳು. “ಉಂಗುರ, ಸರ್?”

“ಅಯ್ಯೋ, ಕಳಿಸ್ತೀನಿ ಅಂದ್ನಲ್ಲ! ನನ್ ಮಾತಂದ್ರೆ ಮಾತು.”

ಆಷಾಢ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ಮಗಳ ತಿಥಿ ಮುಗಿಸಿಕೊಂಡು ನೇರವಾಗಿ ಅವಳ ಮೇಜಿನ ಬಳಿ ಬಂದು, ಉಂಗುರವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಅಳತೆ ನೋಡಿಸಲು ತಾನೇ ಒಯ್ದ.