ಆಟಿ ಕಳೆಯಲಿ

ಹೊರದೇಶದಿಂದ ತರಿಸಿದ ಐಸ್‌ಕ್ರೀಂ ಮಷೀನು ಬಂದರಿಗೆ ಮುಟ್ಟಿದ ದಿನವೇ ಸುಗಂಧಿ ಕಾಗದಪತ್ರ ಹಿಡಿದು ಹೊರಟಿದ್ದಳು. ತಡೆದದ್ದು ಕಸ್ಟಮ್ಸ್ ಏಜೆಂಟ್ ದೂಮಣ್ಣ.

"ಒಳ್ಳೆ ಕೆಲಸಕ್ಕೆ ಆಗದ ತಿಂಗಳು ಇದು ತಂಗೀ. ಆಟಿಯಲ್ಲಿ ಯಾರಾದರೂ ಹೊಸ ವ್ಯಾಪಾರಕ್ಕೆ ಕೈ ಹಾಕ್ತಾರಾ? ಆಟಿ ಕಳೆಯಲಿ. ಕಸ್ಟಮ್ಸಿನದ್ದು ನನಗೆ ಬಿಡು."

ಅವಳ ಅಮ್ಮನೂ ಹೌದೆಂದು ತಲೆಯಾಡಿಸಿದಳು. ಆಟಿ ಕಳೆಯಿತು. ದೂಮಣ್ಣ ಮಾತ್ರ ಇವತ್ತು, ನಾಳೆ ಎನ್ನುತ್ತಾ ತಿಂಗಳುಗಟ್ಟಲೆ ದಿನ ದೂಡಿದ. ಕೊನೆಗೆ ಸುಗಂಧಿ ತಾನೇ ಕಸ್ಟಮ್ಸ್ ಕಚೇರಿಗೆ ಹೋದಳು.

"ಮಾಲು ಬಂದ ಮೂವತ್ತು ದಿನದೊಳಗೆ ನೀವು ಅದರ ಘೋಷಣಾಪತ್ರ ಕೊಡಲಿಲ್ಲ," ಎಂದರು ಅಧಿಕಾರಿ. "ಏಜೆಂಟರ ವಿಳಾಸಕ್ಕೆ ಎರಡು ಸಲ ನೋಟಿಸು ಕಳಿಸಿದೆವು. ಉತ್ತರವೇ ಇಲ್ಲ. ಹೋದ ವಾರ ಹರಾಜಾಯಿತು."

"ಅದು ನನ್ನ ಮಷೀನು ಸರ್. ಮೈಮೇಲಿದ್ದ ಚಿನ್ನವನ್ನೆಲ್ಲ ಮಾರಿ ತರಿಸಿದ್ದು."

"ನಿಮ್ಮದೇ ಅಮ್ಮಾ. ಆದರೆ ನನ್ನ ಕೈಯಲ್ಲಿ ಈಗ ಏನೂ ಇಲ್ಲ."

ಅವಳು ಗೋದಾಮಿನ ಬಾಗಿಲಿಗೆ ಬಂದಳು. ಅಲ್ಲಿ ಮುದುಕ ಕಾವಲುಗಾರನೊಬ್ಬ ಎಲೆಗೆ ಸುಣ್ಣ ಸವರುತ್ತಾ ಕೂತಿದ್ದ.

"ಅಜ್ಜಾ, ಆ ಐಸ್‌ಕ್ರೀಂ ಮಷೀನು ಕೊಂಡವರು ಯಾರು? ಅವರ ಕಾಲು ಹಿಡಿದಾದರೂ ಕೇಳಿ ನೋಡ್ತೇನೆ."

"ಅದಾ? ಏಜೆಂಟ್ ದೂಮಣ್ಣನ ಅಳಿಯ ತಗೊಂಡು ಹೋದ," ಎಂದ ಮುದುಕ. "ಪುಣ್ಯವಂತರು ಮಾರಾಯ್ತಿ. ಪ್ರತಿ ವರ್ಷ ಆಟಿಯಲ್ಲಿ ಬಂದ ಮಾಲಿನಲ್ಲಿ ಒಂದಲ್ಲ ಒಂದು ಹರಾಜಿಗೆ ಬಿದ್ದು ಅವರಿಗೇ ಸಿಗ್ತದೆ."