ಏಳಲೊಲ್ಲದ ಮುಳ್ಳು

ಗದಗಿನ ತವರಿಗೆ ಹೋಗೋಣ ಎಂದಾಗಲೆಲ್ಲ ಗಂಡ ಸುಮಂಗಲಾಳಿಗೆ ಕಾರಿನ ಪೆಟ್ರೋಲ್ ಮುಳ್ಳು ತೋರಿಸುತ್ತಿದ್ದ. ಅದು ಯಾವಾಗಲೂ ತಳದಲ್ಲೇ ಅಂಗಾತ ಮಲಗಿರುತ್ತಿತ್ತು.

"ಮೀಟರ್ ಕೆಟ್ಟದ. ಹಾದ್ಯಾಗ ಗಾಡಿ ನಿಂತ್ರ ನಿಮ್ಮಪ್ಪ ಬಂದು ದೂಡ್ತಾನೇನು?"

ಹೀಗೇ ಎಂಟು ತಿಂಗಳು ಕಳೆದವು. ಒಂದು ರವಿವಾರ ಅವನು ಹೋಳಿಗೆ ಹೊಡೆದು ಗೊರಕೆಗೆ ಬಿದ್ದಾಗ, ಅವಳೇ ಕಾರು ತೆಗೆದುಕೊಂಡು ಮೆಹಬೂಬನ ಗ್ಯಾರೇಜಿಗೆ ಬಂದಳು.

ಮೆಹಬೂಬ ಹಿಂದಿನ ಸೀಟು ಎತ್ತಿ, ಟ್ಯಾಂಕಿನ ಮೇಲಿನ ಮುಚ್ಚಳ ಬಿಚ್ಚಿ, ಒಳಗಿನ ಒಂದು ವೈರನ್ನು ಬೆರಳಿಂದ ಎತ್ತಿ ಹಿಡಿದ.

"ಇಲಿ ಕಡದಾವೇನಣ್ಣಾ?"

"ಇಲಿ ಕಡದ ಮ್ಯಾಲೆ ಟೇಪ್ ಸುತ್ತಂಗಿಲ್ರೀ ಅಕ್ಕಾರ."

ಅವಳು ಬಗ್ಗಿ ನೋಡಿದಳು. ಮೀಟರಿಗೆ ಹೋಗುವ ವೈರನ್ನು ಕಿತ್ತು, ತುದಿಗೆ ಅಚ್ಚುಕಟ್ಟಾಗಿ ಹಸಿರು ಟೇಪು ಸುತ್ತಲಾಗಿತ್ತು. ಗಂಡ ತನ್ನ ಬ್ಯಾಡ್ಮಿಂಟನ್ ಬ್ಯಾಟಿನ ಹಿಡಿಕೆಗೆ ಸುತ್ತಿಕೊಂಡಿದ್ದ ಅದೇ ಟೇಪು. ಅವಳ ಮುಖ ಕೆಂಪಗಾಯಿತು. ಮೆಹಬೂಬ ಪಾಪ, ಪಕ್ಕದ ಟೈರನ್ನೇ ಭಕ್ತಿಯಿಂದ ನೋಡತೊಡಗಿದ.

ಆಮೇಲೆ ಅವನು ವೈರು ಜೋಡಿಸಿ ಚಾವಿ ತಿರುವಿದ. ಮುಳ್ಳು ಎದ್ದು ಮುಕ್ಕಾಲರ ಮೇಲೆ ನಿಂತಿತು.

"ಸರಿ ಆತ್ರೀ. ಈಗೇನು, ಮನಿಗೇ?"

"ಇಲ್ಲ, ಇಲ್ಲಿಂದ ಸೀದಾ ಗದಗ, ಸಂಜೀಕ ವಾಪಸ್." ಅವಳು ಸ್ಟೇರಿಂಗ್ ಹಿಡಿದು ಕೂತಳು. ಒಂದು ಗಳಿಗೆ ಯೋಚಿಸಿ, ಮತ್ತೆ ಕೆಳಗಿಳಿದಳು.

"ಅಣ್ಣಾ, ಆ ವೈರು ಮೊದಲಿನಂಗ ಕಿತ್ತು ಟೇಪ್ ಸುತ್ತಿಬಿಡು."

"ಯಾಕ್ರೀ ಮತ್ತ?"

"ನಾಳೆ ಇವರಕ್ಕ ನಾಕು ಹುಡುಗರನ್ನ ಕಟ್ಕೊಂಡು ಇದ ಕಾರಿನ್ಯಾಗ ಹಂಪಿ ನೋಡಾಕ ಬರಾಕತ್ತಾಳ."